ಕಡಲು ಕಾಣದ ಕರಾವಳಿ

ಕ್ಯಾಲಿಫೋರ್ನಿಯಾ ಎಂದೊಡನೆ ಅನೇಕರ ಕಣ್ಣಿಗೆ ಕಟ್ಟುವುದು ಚುರುಗುಡುವ ಬಿಸಿಲು, ನೀಲಿ ಕಡಲು, ಹೊಂಬಣ್ಣದ ಮರಳು. ಸಿನಿಮಾಗಳೂ ಕ್ಯಾಲೆಂಡರುಗಳೂ ಸೇರಿ ಕಟ್ಟಿಕೊಟ್ಟ ಚಿತ್ರ ಅದು. ಚಿತ್ರ ಸುಳ್ಳೇನಲ್ಲ, ಆದರೆ ಅದು ಹೆಚ್ಚಾಗಿ ಆ ರಾಜ್ಯದ ದಕ್ಷಿಣ ಭಾಗದ್ದು. ಜುಲೈ, ಆಗಸ್ಟ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಹೊರಟವರಿಗೆ ಎದುರಾಗುವ ಕಡಲೇ ಬೇರೆ. ಒಳನಾಡಿನ ಊರುಗಳು ಬಿಸಿಲಿಗೆ ಬೇಯುತ್ತಿರುವಾಗ ದಂಡೆಯ ಮೇಲಿನ ಜನ ಸ್ವೆಟರ್ ತೊಟ್ಟು ಕೈ ಉಜ್ಜಿಕೊಳ್ಳುತ್ತ ನಿಂತಿರುತ್ತಾರೆ. ಕಡಲಿನ ಮೊರೆತ ಕೇಳುತ್ತದೆ, ಉಪ್ಪಿನ ವಾಸನೆ ಮೂಗಿಗೆ ಬಡಿಯುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಬಿಳಿಯ ಗೋಡೆ.

ಇದರ ಹಿಂದೆ ಸರಳವಾದ ವಿಜ್ಞಾನವಿದೆ. ಬೇಸಿಗೆಯಲ್ಲಿ ವಾಯವ್ಯ ದಿಕ್ಕಿನಿಂದ ಬೀಸುವ ಗಾಳಿ ದಂಡೆಯ ಬಳಿಯ ಮೇಲ್ಮೈ ನೀರನ್ನು ದೂರಕ್ಕೆ ಸರಿಸುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಪೆಸಿಫಿಕ್ ಸಾಗರದ ಮೇಲಿಂದ ತೇವ ಹೊತ್ತು ಬರುವ ಗಾಳಿ ಈ ತಣ್ಣೀರಿಗೆ ಸೋಕಿದ್ದೇ ಮಂಜಾಗುತ್ತದೆ. ಅತ್ತ ಒಳನಾಡಿನಲ್ಲಿ ಕಾದ ಗಾಳಿ ಮೇಲೇರಿದಂತೆ, ಇತ್ತ ಕಡಲ ಮೇಲಿನ ಮಂಜನ್ನು ನೆಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಳಗೆ ಸೆಕೆ, ಹೊರಗೆ ಮಂಜು. ಎರಡೂ ಒಂದೇ ಬೇಸಿಗೆಯ ಮಕ್ಕಳು.

ಸ್ಯಾನ್ ಹೊಸೆ ಪಕ್ಕದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಇಂಥ ಒಂದು ಜುಲೈನಲ್ಲಿ ಟೆಂಟು, ಸ್ಟೌವ್, ಕಂಬಳಿಗಳನ್ನು ಕಾರಿಗೆ ತುಂಬಿಕೊಂಡು ಮೂರು ರಾತ್ರಿಯ ಪ್ರವಾಸ ಹೊರಟಿತು. ಅಪ್ಪ ತೀರ್ಥಹಳ್ಳಿಯವರು, ಅಮ್ಮ ಕುಂದಾಪುರದವರು. ಹನ್ನೊಂದನೆಯ ತರಗತಿ ಮುಗಿಸಿದ ಮಗ, ನಾಲ್ಕನೆಯ ತರಗತಿ ಮುಗಿಸಿದ ಮಗಳು, ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದಿದ್ದ ಅಜ್ಜಿ. ಅಜ್ಜಿಗೆಂದು ಮಡಚುವ ಮಂಚ, ಬಿಸಿನೀರಿನ ಫ್ಲಾಸ್ಕು, ಎರಡು ಶಾಲು ಬೇರೆಯಾಗಿ ಹತ್ತಿದ್ದವು. ಜೊತೆಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಮತ್ತು ಡಬ್ಬದ ತುಂಬ ಚಕ್ಕುಲಿ.

ಅಮ್ಮನ ಮನಸ್ಸಿನಲ್ಲಿದ್ದದ್ದು ಮರವಂತೆ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಕಡಲ ಪಕ್ಕದ ರಸ್ತೆಯೆಂದರೆ ಹಾಗಿರಬೇಕು ಎಂದು ಆಕೆಯ ನಂಬಿಕೆ. ಅಪ್ಪನ ಮನಸ್ಸಿನಲ್ಲಿದ್ದದ್ದು ಒಂದು ಪಟ್ಟಿ. ಯಾವ ಊರಿಗೆ ಎಷ್ಟು ಗಂಟೆಗೆ, ಎಲ್ಲಿ ಎಷ್ಟು ನಿಮಿಷ ಎಂದು ಎಲ್ಲವನ್ನೂ ಬರೆದಿಟ್ಟಿದ್ದರು. ಅಲ್ಲಿನ ಸರ್ಕಾರಿ ಉದ್ಯಾನಗಳಲ್ಲಿ ಟೆಂಟು ಹಾಕಲು ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸಬೇಕು. ಅದನ್ನೂ ಅವರು ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂತು ಸಾಧಿಸಿದ್ದರು.

ಪಟ್ಟಿಯಲ್ಲಿ ಬರೆಯದ ಉದ್ದೇಶವೂ ಒಂದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನವೆಂಬರ್ ಕೊನೆಯೊಳಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಯಾವ ವಿಷಯ ಓದಬೇಕೆಂದು ತುಂಬಬೇಕು. ಅಪ್ಪನ ಪ್ರಕಾರ ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ, ಕಂಪ್ಯೂಟರ್ ಸೈನ್ಸ್. ಆದರೆ ಮಗ ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ. “ಏನು ಯೋಚನೆ ಮಾಡಿದೆ?” ಎಂದು ತಿಂಡಿಗೆ ಕೂತಾಗ ಕೇಳಿದರೆ “ನೋಡೋಣಪ್ಪ”, ಊಟಕ್ಕೆ ಕೂತಾಗ ಕೇಳಿದರೆ “ನೋಡೋಣಪ್ಪ.” ಮನೆಯಲ್ಲಾದರೆ ಅವನು ಎದ್ದು ಕೋಣೆಗೆ ಹೋಗಿಬಿಡುತ್ತಿದ್ದ. ಕಾರಿನಲ್ಲಿ ಎಲ್ಲಿಗೆ ಹೋದಾನು? ಇದು ಅಪ್ಪನ ಲೆಕ್ಕ.

ಮಂಜು ಮೊದಲು ಕೆಡಿಸಿದ್ದು ಪಟ್ಟಿಯನ್ನು. ಗೋಲ್ಡನ್ ಗೇಟ್ ಸೇತುವೆ ಬಂತು. 1937ರಲ್ಲಿ ಸಂಚಾರಕ್ಕೆ ತೆರೆದ ಅದರ ಗೋಪುರಗಳ ಎತ್ತರ 746 ಅಡಿ. ಅವತ್ತು ಕಂಡದ್ದು ಗೋಪುರಗಳ ಪಾದ ಮಾತ್ರ. ಕೆಂಪು ಕಂಬಗಳು ನೂರಡಿ ಮೇಲೇರಿ ಹಾಲಿನೊಳಗೆ ಕರಗಿದ್ದವು. “ಇಷ್ಟು ದುಡ್ಡು ಸುರಿದು ಕಟ್ಟಿ ಅರ್ಧ ಮಾತ್ರ ತೋರಿಸ್ತಾರಲ್ಲ ಮಾರಾಯ” ಎಂದರು ಅಜ್ಜಿ. ಮಗಳು ಪ್ರವಾಸದಲ್ಲಿ ಕಂಡದ್ದನ್ನೆಲ್ಲ ಬರೆಯಲು ಒಂದು ನೋಟ್‌ಪುಸ್ತಕ ತಂದಿದ್ದಳು. ಮೊದಲ ಸಾಲು ಬರೆದಳು: ಸೇತುವೆ, ಅರ್ಧ. ಸಮುದ್ರ, ಸೊನ್ನೆ.

ಮಧ್ಯಾಹ್ನ ಪಾಯಿಂಟ್ ರೇಯ್ಸ್ ತಲುಪಿದರು. ಸಮುದ್ರದೊಳಕ್ಕೆ ಮೈಲಿಗಟ್ಟಲೆ ಚಾಚಿಕೊಂಡ ಭೂಶಿರ ಅದು. ಉತ್ತರ ಅಮೆರಿಕದಲ್ಲೇ ಅತಿ ಹೆಚ್ಚು ಮಂಜು ಕವಿಯುವ ಜಾಗಗಳಲ್ಲಿ ಒಂದು. ಅಲ್ಲಿ 1870ರಲ್ಲಿ ಬೆಳಗಿದ ದೀಪಸ್ತಂಭವಿದೆ. ಅದರ ಗಾಜಿನ ಮಸೂರ 1867ರಲ್ಲಿ ಫ್ರಾನ್ಸಿನಲ್ಲಿ ತಯಾರಾದದ್ದು. 1975ರಲ್ಲಿ ಯಾಂತ್ರಿಕ ದೀಪ ಬಂದ ಮೇಲೆ ಹಳೆಯದಕ್ಕೆ ನಿವೃತ್ತಿಯಾಯಿತು. ವಿಚಿತ್ರವೆಂದರೆ ದೀಪಸ್ತಂಭ ನೋಡಲು ಹತ್ತಬೇಕಾಗಿಲ್ಲ, ಇಳಿಯಬೇಕು. ಬಂಡೆಯ ಬೆನ್ನಿನ ಮೇಲೆ 300ಕ್ಕೂ ಹೆಚ್ಚು ಮೆಟ್ಟಿಲು. ಅಜ್ಜಿ, ಅಮ್ಮ, ಮಗಳು ಮೇಲೆ ಉಳಿದರು. ಅಪ್ಪ, ಮಗ ಇಳಿದರು.

“ಇದನ್ನ ತುದೀಲಿ ಕಟ್ಟಿದ್ರೆ ಇನ್ನೂ ದೂರಕ್ಕೆ ಕಾಣ್ತಿತ್ತು. ಎಂಥ ಎಂಜಿನಿಯರುಗಳೋ!” ಎಂದು ಅಪ್ಪ ದಾರಿಯಲ್ಲಿ ಟೀಕಿಸಿದರು. ಕೆಳಗಿದ್ದ ಉದ್ಯಾನದ ಸಿಬ್ಬಂದಿಯನ್ನೇ ಮಗ ಕೇಳಿದ. ಉತ್ತರ ಸರಳವಾಗಿತ್ತು. ಬಂಡೆಯ ನೆತ್ತಿ ಸುಮಾರು 600 ಅಡಿ ಎತ್ತರದಲ್ಲಿದೆ. ಮಂಜು ಸಾಮಾನ್ಯವಾಗಿ ಕೂರುವುದು ಅಲ್ಲೇ. ದೀಪ ಅಲ್ಲಿದ್ದರೆ ಮಂಜನ್ನಷ್ಟೇ ಬೆಳಗುತ್ತದೆ, ಹಡಗಿನವರಿಗೆ ಕಾಣುವುದಿಲ್ಲ. ಅದಕ್ಕೇ ಸಿಡಿಮದ್ದಿಟ್ಟು ಬಂಡೆ ಒಡೆದು, ಸಮುದ್ರಮಟ್ಟದಿಂದ 275 ಅಡಿಯ ಹತ್ತಿರ ಜಾಗ ಮಾಡಿ, ದೀಪವನ್ನು ಮಂಜಿನ ಕೆಳಗೆ ಇಳಿಸಿದರು. ಮಂಜು ಇನ್ನೂ ಕೆಳಗಿಳಿದು ದೀಪವನ್ನೂ ನುಂಗಿದರೆ? ಆಗ ಬೆಳಕಿನ ಕೆಲಸವನ್ನು ಕೂಗು ಮಾಡುತ್ತಿತ್ತು. ಉಗಿಯಿಂದ ಊದುವ ಕಹಳೆ ಇತ್ತು. ಅಪ್ಪ ತಲೆದೂಗಿದರು. ವಾಪಸು ಹತ್ತುವಾಗ ಮಗ ಮೂರು ಕಡೆ ಅವರಿಗಾಗಿ ನಿಂತ, ಆದರೆ ನಿಂತದ್ದು ಅವರಿಗಾಗಿ ಎಂದು ತೋರಿಸಿಕೊಳ್ಳಲಿಲ್ಲ.

ಆ ರಾತ್ರಿ ಬೊಡೇಗಾ ಬೇ ಎಂಬ ಮೀನುಗಾರರ ಊರಿನ ಮರಳದಿಬ್ಬಗಳ ನಡುವೆ ಟೆಂಟು ಹಾಕಿದರು. ಬಂದರಿನಿಂದ ಮಂಜಿನ ಕಹಳೆ ರಾತ್ರಿಯಿಡೀ ಕೇಳುತ್ತಿತ್ತು. ಒಂದು ಕೂಗು, ಮೌನ, ಮತ್ತೊಂದು ಕೂಗು. ಅಮ್ಮ ಸ್ಟೌವ್ ಮೇಲೆ ಮೆಣಸಿನ ಸಾರು ಕುದಿಸಿದರು. ಬೆಂಕಿಯ ಸುತ್ತ ಕೂತಾಗ ಮಗಳು ಆ ಕೂಗು ಯಾಕೆಂದು ಕೇಳಿದಳು. ಅಪ್ಪನಿಗೆ ಇತಿಹಾಸದ ಕತೆಗಳೆಂದರೆ ಪ್ರೀತಿ. ಅವರು ಹೊಂಡಾ ಪಾಯಿಂಟ್ ಕತೆ ಹೇಳಿದರು.

ಅದು ಅದೇ ರಾಜ್ಯದ ದಕ್ಷಿಣದ ದಂಡೆಯಲ್ಲಿ ನಡೆದದ್ದು. 1923ರ ಸೆಪ್ಟೆಂಬರ್ 8. ಅಮೆರಿಕದ ನೌಕಾಪಡೆಯ 14 ಯುದ್ಧನೌಕೆಗಳು ಸಾಲಾಗಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಡಿಯಾಗೊಗೆ ಹೊರಟಿದ್ದವು. ಮುಂದಿನ ನೌಕೆಯ ಹೆಸರು ಡೆಲ್ಫಿ. ವೇಗ ಮತ್ತು ಸಮಯ ಗುಣಿಸಿ, ಇಷ್ಟು ದೂರ ಬಂದಿದ್ದೇವೆ ಎಂದು ಡೆಲ್ಫಿಯ ಅಧಿಕಾರಿಗಳು ಲೆಕ್ಕ ಹಾಕಿದರು. ದಂಡೆಯ ರೇಡಿಯೊ ಕೇಂದ್ರ ಬೇರೆಯೇ ಜಾಗ ಹೇಳಿತು. ರೇಡಿಯೊ ಆಗಿನ್ನೂ ಹೊಸದು. ಅದರ ಮಾತಿಗಿಂತ ತಮ್ಮ ಲೆಕ್ಕವನ್ನು ಅವರು ನಂಬಿದರು. ರಾತ್ರಿ ಒಂಬತ್ತರ ಹೊತ್ತಿಗೆ, ಕಾಲುವೆಯ ಬಾಯಿ ಬಂತೆಂದು ಪೂರ್ವಕ್ಕೆ ತಿರುಗಿದರು. ಬಂದದ್ದು ಮಂಜು, ಮಂಜಿನ ಹಿಂದೆ ಬಂಡೆ. ಡೆಲ್ಫಿಯ ಹಿಂದೆ ಒಂದೊಂದಾಗಿ ಬಂದವು ಬಡಿದವು. ಏಳು ನೌಕೆಗಳು ನಾಶವಾದವು, 23 ನಾವಿಕರು ಸತ್ತರು.

“ಹಿಂದಿನ ಹಡಗುಗಳು ಯಾಕೆ ತಿರುಗಿದ್ವು?” ಎಂದು ಕೇಳಿದ್ದು ಮಗ. ಆ ದಿನ ಅವನು ತಾನಾಗಿ ಅಪ್ಪನನ್ನು ಕೇಳಿದ ಮೊದಲ ಪ್ರಶ್ನೆ ಅದು.

“ಮುಂದಿನವನಿಗೆ ಗೊತ್ತಿರುತ್ತೆ ಅಂತ. ಸಾಲು ಬಿಡಬಾರದು ಅನ್ನೋದು ಶಿಸ್ತು.”

“ಓ” ಎಂದ ಮಗ.

ಕಹಳೆ ಮತ್ತೊಮ್ಮೆ ಕೂಗಿತು. ಕತೆಯ ಕೊನೆಗೆ ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದ ಅಪ್ಪ ಬೆಂಕಿಗೆ ಇನ್ನೊಂದು ಕೊರಡು ಹಾಕಿ ಸುಮ್ಮನಾದರು.

ಎರಡನೆಯ ದಿನವೂ ಮಂಜು ಬಿಡಲಿಲ್ಲ. ರಷ್ಯನ್ನರು 1812ರಲ್ಲಿ ಕಟ್ಟಿ 1841ರಲ್ಲಿ ಬಿಟ್ಟುಹೋದ ಫೋರ್ಟ್ ರಾಸ್‌ನ ಮರದ ಕೋಟೆ ಕಂಡಿತು, ಅದರಾಚೆಯ ಸಮುದ್ರ ಕಾಣಲಿಲ್ಲ. ಪಾಯಿಂಟ್ ಅರೀನಾದ ದೀಪಸ್ತಂಭ ಕಂಡಿತು. 1870ರಲ್ಲಿ ಕಟ್ಟಿದ ಹಳೆಯದು 1906ರ ಭೂಕಂಪದಲ್ಲಿ ಹಾಳಾಗಿ, ಕಾಂಕ್ರೀಟಿನ ಈ 115 ಅಡಿಯ ಗೋಪುರ 1908ರಲ್ಲಿ ಮತ್ತೆ ಬೆಳಗಿತಂತೆ. ಆ ಭೂಕಂಪಕ್ಕೆ ಕಾರಣವಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಅಲ್ಲೇ ಹತ್ತಿರದಲ್ಲಿ ನೆಲ ಬಿಟ್ಟು ಕಡಲಿಗಿಳಿಯುತ್ತದೆ. ಗೋಡೆಗೆ ಹಾಕಿದ್ದ ನಕ್ಷೆಯ ಮುಂದೆ ಮಗ ಬಹಳ ಹೊತ್ತು ನಿಂತಿದ್ದ. ಮಗಳ ಪುಸ್ತಕದಲ್ಲಿ ಸಮುದ್ರದ ಎದುರು ಇನ್ನೂ ಸೊನ್ನೆಯೇ ಇತ್ತು. ಆದರೆ ಪಟ್ಟಿ ಬೆಳೆದಿತ್ತು: ಬೇಲಿಯ ಮೇಲೆ ಜೇಡರ ಬಲೆ, ಅದರಲ್ಲಿ ಹನಿಗಳು, ನಲವತ್ತೊಂದು. ಕಾಣದೆ ಬೊಗಳಿದ ಕಡಲಸಿಂಹಗಳು, ಬಹಳ.

ಅಲ್ಲಿಂದ ಹೊರಡುವಾಗ ಸಂಜೆಯಾಗಿತ್ತು. ಪಟ್ಟಿಗಿಂತ ಮೂರು ಗಂಟೆ ತಡ. ಒಂದನೆಯ ನಂಬರಿನ ಹೆದ್ದಾರಿ ಅಲ್ಲಿ ಹೆದ್ದಾರಿ ಎನ್ನುವಂತಿಲ್ಲ. ಎರಡು ಕಾರು ಹಾಯುವಷ್ಟು ಅಗಲ, ಹಾವಿನಂತೆ ತಿರುವು. ಎಲ್ಕ್ ಎಂಬ ಪುಟ್ಟ ಊರಿನ ಹತ್ತಿರ ಕತ್ತಲೂ ಮಂಜೂ ಒಟ್ಟಿಗೆ ಇಳಿದವು. ಏನೂ ಕಾಣುತ್ತಿಲ್ಲವೆಂದು ಅಪ್ಪ ಹೈ ಬೀಮ್ ಹಾಕಿದರು. ಮುಂದೆ ಬಿಳಿಯ ಪರದೆ ಧಗ್ಗನೆ ಹೊತ್ತಿಕೊಂಡಂತಾಯಿತು. ಇದ್ದಬದ್ದ ರಸ್ತೆಯೂ ಮಾಯ.

“ಅಪ್ಪ, ಡಿಮ್ ಮಾಡು” ಎಂದ ಪಕ್ಕದಲ್ಲಿ ಕೂತಿದ್ದ ಮಗ.

“ಡಿಮ್ ಮಾಡಿದ್ರೆ ಇನ್ನೂ ಕಾಣಲ್ಲ ಕಣೋ.”

“ಕಾಣತ್ತೆ. ಲೈಸೆನ್ಸ್ ಪುಸ್ತಕದಲ್ಲಿದೆ. ಮೊನ್ನೆ ತಾನೆ ಓದಿ ಬರೆದಿದೀನಿ.”

ಡಿಮ್ ಮಾಡಿದರು. ಕಾಣಿಸಿತು; ದೂರ ಅಲ್ಲ, ನಾಲ್ಕು ಮಾರು. ರಸ್ತೆಯ ಬಲಬದಿಯ ಬಿಳಿ ಗೆರೆ ಕಾಣಿಸಿತು. ಮಂಜೆಂದರೆ ಗಾಳಿಯಲ್ಲಿ ತೇಲುವ ಕೋಟ್ಯಂತರ ನೀರಿನ ಹನಿಗಳು. ಎತ್ತರಕ್ಕೆ, ದೂರಕ್ಕೆ ಚೆಲ್ಲಿದ ಬೆಳಕನ್ನು ಅವು ಹಾಗೆಯೇ ಚಾಲಕನ ಕಣ್ಣಿಗೆ ಹಿಂತಿರುಗಿಸುತ್ತವೆ. ಕೆಳಕ್ಕೆ ಬಾಗಿಸಿದ ಬೆಳಕು ಮಾತ್ರ ನೆಲ ಮುಟ್ಟುತ್ತದೆ. ದೀಪಸ್ತಂಭ ಕಟ್ಟಿದವರು ನೂರೈವತ್ತು ವರ್ಷಗಳ ಹಿಂದೆ ಬಂಡೆ ಒಡೆದು ಪಾಲಿಸಿದ ಸೂತ್ರವೂ ಇದಕ್ಕೆ ದೂರದ್ದಲ್ಲ. ಕಾಣದಿದ್ದಾಗ ಬೆಳಕು ಜೋರು ಮಾಡುವುದು ಮನುಷ್ಯನ ಸಹಜ ಬುದ್ಧಿ. ಮಕ್ಕಳ ಮುಂದಿನ ದಾರಿ ಕಾಣದ ತಂದೆತಾಯಿಯರೂ ಮಾಡುವುದು ಅದನ್ನೇ. ಇನ್ನೊಂದು ಪ್ರಶ್ನೆ, ಇನ್ನೊಂದು ಟ್ಯೂಷನ್, ಪಕ್ಕದ ಮನೆಯ ಹುಡುಗನ ಇನ್ನೊಂದು ಉದಾಹರಣೆ. ಬೆಳಕು ಹೆಚ್ಚಿದಷ್ಟೂ ಮಗುವಿನ ಮುಖ ಕಾಣದಾಗುತ್ತದೆ.

ಹಿಂದಿನ ಸೀಟಿನಿಂದ ಅಜ್ಜಿ ಹೇಳಿದರು: “ಆಗುಂಬೆ ಘಾಟಿಯಲ್ಲಿ ಹಿಂದೆ ಹೀಗೇ. ಮಳೆಗಾಲದಲ್ಲಿ ಮಂಜು ಕವಿದ್ರೆ ಬಸ್ಸಿನ ಕ್ಲೀನರ್ ಇಳಿದು, ಹೆಗಲ ಮೇಲೆ ಬಿಳಿ ಟವೆಲು ಹಾಕ್ಕೊಂಡು ಮುಂದೆ ನಡೀತಿದ್ದ. ಡ್ರೈವರು ಟವೆಲು ನೋಡ್ಕೊಂಡು ಬಸ್ಸು ಬಿಡ್ತಿದ್ದ. ಹದಿನಾಲ್ಕು ತಿರುವೂ ಹಾಗೇ.”

“ಡ್ರೈವರಿಗೆ ಅವಮಾನ ಆಗ್ತಿರಲಿಲ್ವಾ ಅಜ್ಜಿ?” ಎಂದಳು ಮಗಳು.

“ಎಂಥ ಅವಮಾನ ಮಾರಾಯ್ತಿ? ಬಸ್ಸಲ್ಲಿ ಐವತ್ತು ಜನ ಇದ್ರು.”

ಮುಂದಿನ ಮುಕ್ಕಾಲು ಗಂಟೆ ಮಗನೇ ಕ್ಲೀನರ್ ಆದ. ಮಡಿಲಲ್ಲಿ ನಕ್ಷೆ, ಕಣ್ಣು ಬಿಳಿ ಗೆರೆಯ ಮೇಲೆ. “ಮುಂದೆ ಎಡಕ್ಕೆ, ಜೋರು ತಿರುವು. ಹದಿನೈದರಲ್ಲಿ ಹೋಗು. ಈಗ ನೇರ. ಹಿಂದೆ ಕಾರು ಬರ್ತಿದೆ, ಇಲ್ಲಿ ಪಕ್ಕಕ್ಕೆ ಜಾಗ ಇದೆ, ಬಿಟ್ಟುಬಿಡು.” ಅಪ್ಪ “ಸರಿ” ಎಂದರು, “ಆಯ್ತು” ಎಂದರು, “ಎಷ್ಟು ದೂರ?” ಎಂದು ಕೇಳಿದರು. ಎಷ್ಟೋ ತಿಂಗಳಲ್ಲಿ ಇಬ್ಬರೂ ಅಷ್ಟು ಮಾತಾಡಿರಲಿಲ್ಲ. ಎಲ್ಲ ಮಾತೂ ತಿರುವುಗಳ ಬಗ್ಗೆಯೇ. ಹಿಂದೆ ಕೂತ ಅಮ್ಮ ಅಜ್ಜಿಯ ಕೈ ಅದುಮಿದರು. ಅದು ಭಯಕ್ಕೋ ಸಮಾಧಾನಕ್ಕೋ ಅಜ್ಜಿ ಕೇಳಲಿಲ್ಲ.

ಮೆಂಡೊಸಿನೊ ಪಕ್ಕದ ವ್ಯಾನ್ ಡ್ಯಾಮ್ ಉದ್ಯಾನದಲ್ಲಿ ಟಾರ್ಚು ಹಿಡಿದು ಟೆಂಟು ಹಾಕಿದ್ದಾಯಿತು. ಗಡಿಬಿಡಿಯಲ್ಲಿ ಚಕ್ಕುಲಿ ಡಬ್ಬ ಮೇಜಿನ ಮೇಲೇ ಉಳಿಯಿತು. ರಾತ್ರಿ ರಕೂನ್ ಎಂಬ ಮುಖವಾಡದ ಕಳ್ಳಪ್ರಾಣಿ ಬಂದು ಡಬ್ಬದ ಮುಚ್ಚಳವನ್ನು ಮನುಷ್ಯರಂತೆ ಎರಡು ಕೈಯಲ್ಲಿ ತೆಗೆದು ಪಾಲು ತೆಗೆದುಕೊಂಡಿತು. “ಅಲ್ಲಿ ಮಂಗ, ಇಲ್ಲಿ ಇದು. ಎಣ್ಣೆತಿಂಡಿ ಯಾರಿಗೆ ಬೇಡ?” ಎಂದರು ಅಜ್ಜಿ.

ಮೂರನೆಯ ದಿನ ಹೆದ್ದಾರಿ ಕಡಲನ್ನು ಬಿಟ್ಟು ಬೆಟ್ಟ ಏರಿತು. ಲೆಗೆಟ್ ಎಂಬಲ್ಲಿ ಒಂದನೆಯ ನಂಬರು ಮುಗಿದು 101ನ್ನು ಸೇರುತ್ತದೆ. ಅಲ್ಲಿ ಸೂರ್ಯ ಕಂಡ. ಕಾರು ನಿಲ್ಲಿಸಿ ಎಲ್ಲರೂ ಬಿಸಿಲಿಗೆ ಬೆನ್ನೊಡ್ಡಿ ನಿಂತರು. ಮುಂದೆ ರೆಡ್‌ವುಡ್ ಮರಗಳ ಸಾಲು, 31 ಮೈಲಿ ಉದ್ದದ ‘ದೈತ್ಯರ ಬೀದಿ’. ಜಗತ್ತಿನ ಅತ್ಯಂತ ಎತ್ತರದ ಮರಗಳು ಇದೇ ಜಾತಿಯವು. ಇದೇ ಕರಾವಳಿಯ ಇನ್ನೊಂದು ಕಾಡಿನಲ್ಲಿ 2006ರಲ್ಲಿ ಪತ್ತೆಯಾದ ಒಂದು ಮರದ ಎತ್ತರ ಸುಮಾರು 380 ಅಡಿ. 1991ರಲ್ಲಿ ಉರುಳಿದ ಡೈಯರ್‌ವಿಲ್ ದೈತ್ಯ ಬಿದ್ದಲ್ಲೇ ಮಲಗಿದೆ. ಅದರ ಉದ್ದವನ್ನು ಮಗಳು ಹೆಜ್ಜೆಯಿಂದ ಅಳೆಯಲು ಹೊರಟಳು. ನೂರೈವತ್ತು ದಾಟಿದ ಮೇಲೆ, ಬಾಳೆಹಣ್ಣಿನ ಬಣ್ಣದ ದಪ್ಪನೆಯ ಬಸವನಹುಳು ಕಂಡು ಲೆಕ್ಕ ತಪ್ಪಿತು.

ಮಾರನೆಯ ಬೆಳಿಗ್ಗೆ ನದಿಯ ಕಣಿವೆ ಹಿಡಿದು ಮಂಜು ಅಲ್ಲಿಗೂ ಬಂದಿತ್ತು. ಮಳೆಯಿಲ್ಲ, ಆದರೂ ಟೆಂಟಿನ ಮೇಲೆ ಟಪಟಪ ಹನಿ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯೆಂದರೆ ಮಳೆ ಇಲ್ಲದ ತಿಂಗಳುಗಳು. ಅಷ್ಟೆತ್ತರದ ಮರಗಳು ಬದುಕುವುದು ಹೇಗೆ? ಮಂಜಿನಿಂದ. ಸೂಜಿಯಂಥ ಎಲೆಗಳು ಮಂಜನ್ನು ಬಾಚಿ ಹನಿಯಾಗಿಸಿ ಬುಡಕ್ಕೆ ಇಳಿಸುತ್ತವೆ. ಒಂದಿಷ್ಟನ್ನು ಎಲೆಗಳೇ ನೇರವಾಗಿ ಕುಡಿಯುತ್ತವೆ. ಈ ಕಾಡುಗಳಿಗೆ ವರ್ಷದಲ್ಲಿ ಸೇರುವ ನೀರಿನ ಸುಮಾರು ಮೂರನೇ ಒಂದು ಪಾಲು ಮಂಜಿನದು ಎಂದು ವಿಜ್ಞಾನಿ ಟಾಡ್ ಡಾಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕಳೆದ ಶತಮಾನದ ಆರಂಭಕ್ಕೆ ಹೋಲಿಸಿದರೆ ಈ ಕರಾವಳಿಯ ಬೇಸಿಗೆ ಮಂಜು ಬಹಳಷ್ಟು ಕಡಿಮೆಯಾಗಿದೆ ಎಂದು 2010ರಲ್ಲಿ ಅವರೇ ಪಾಲ್ಗೊಂಡ ಇನ್ನೊಂದು ಅಧ್ಯಯನ ಹೇಳಿತು. ಪ್ರವಾಸಿಗರು ಬೈಯುವ ಮಂಜು ಮರಗಳ ಪಾಲಿಗೆ ನೀರು.

ಎಲ್ಲರಿಗಿಂತ ಮೊದಲು ಎದ್ದವರು ಅಪ್ಪ ಮತ್ತು ಮಗ. ಅಪ್ಪ ಸ್ಟೌವ್ ಹಚ್ಚಿ ಕಾಫಿಗೆ ನೀರಿಟ್ಟರು. ಮಗ ಒದ್ದೆ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

“ಅಪ್ಪ, ಕಂಪ್ಯೂಟರ್ ಸೈನ್ಸ್ ಬೇಡ ಅಂತಲ್ಲ” ಎಂದ ಮಗ, ಮರಗಳ ಕಡೆ ನೋಡುತ್ತ. “ನನಗೆ ಏನು ಬೇಕು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ನೀನು ಇನ್ನೂ ಹತ್ತು ಪ್ರಶ್ನೆ ಕೇಳ್ತೀಯ ಅಂತ ಹೇಳಲಿಲ್ಲ.”

ಹತ್ತೂ ಪ್ರಶ್ನೆಗಳು ಅಪ್ಪನ ಗಂಟಲಿಗೆ ಬಂದವು. ಯಾವಾಗ ಗೊತ್ತಾಗುತ್ತೆ? ಗೊತ್ತಾಗದಿದ್ದರೆ ಏನು ಮಾಡ್ತೀಯ? ನಿನ್ನ ಸ್ನೇಹಿತರೆಲ್ಲ ಏನು ತಗೊಳ್ತಿದ್ದಾರೆ? ಅವರು ಕಾಫಿ ಬಗ್ಗಿಸಿದರು. ಲೋಟ ಮುಂದೆ ಹಿಡಿದು ಕೇಳಿದ್ದು ಒಂದೇ.

“ಸಕ್ಕರೆ ಸಾಕಾ ನೋಡು.”

ಮಗ ಒಂದು ಗುಟುಕು ಕುಡಿದ. ಆಮೇಲೆ ತಾನಾಗಿಯೇ, ಪಾಯಿಂಟ್ ಅರೀನಾದಲ್ಲಿ ಕಂಡ ಬಿರುಕಿನ ನಕ್ಷೆಯ ವಿಷಯ ಎತ್ತಿದ. ಅದರ ಒಂದು ಬದಿಯ ನೆಲ ಇನ್ನೊಂದು ಬದಿಗೆ ಉಜ್ಜಿಕೊಂಡು ವಾಯವ್ಯಕ್ಕೆ ಸರಿಯುತ್ತಿದೆ ಎಂದ. ಶಾಲೆಯಲ್ಲಿ ಅದನ್ನು ಅರ್ಧ ದಿನ ಮಾತ್ರ ಪಾಠ ಮಾಡಿದ್ದರು ಎಂದ. ಅದು ಇಷ್ಟವೋ, ಸುಮ್ಮನೆ ಕುತೂಹಲವೋ ತನಗೇ ತಿಳಿಯದು ಎಂದೂ ಸೇರಿಸಿದ. ಅಪ್ಪ ಕೇಳಿಸಿಕೊಂಡರು. ಭೂವಿಜ್ಞಾನ ಓದಿದವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ನಾಲಗೆಯ ತುದಿಯವರೆಗೂ ಬಂತು. ಅದು ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಆ ಬೆಳಿಗ್ಗೆಯ ಪ್ರಶ್ನೆ ಅಲ್ಲ.

ಒದ್ದೆ ಟೆಂಟು ಮಡಚುವಾಗ ಅಮ್ಮ ಎಚ್ಚರಿಸಿದರು, “ರೀ, ಮನೆಗೆ ಹೋದ ತಕ್ಷಣ ಬಿಡಿಸಿ ಹಾಕಬೇಕು, ಇಲ್ಲದಿದ್ರೆ ಬೂಸಲು ಹಿಡಿಯುತ್ತೆ.” ವಾಪಸು ಬಂದದ್ದು ಒಳನಾಡಿನ 101ರಲ್ಲಿ, ಸುಡುವ ಬಿಸಿಲಿನಲ್ಲಿ. ಸ್ವಲ್ಪ ದೂರ ಮಗ ಕಾರು ನಡೆಸಿದ, ಪಕ್ಕದಲ್ಲಿ ಅಪ್ಪ ಕೂತರು. ಎರಡು ಸಲ ಮಾತ್ರ “ನಿಧಾನ” ಎಂದರು. ಮಗಳು ನೋಟ್‌ಪುಸ್ತಕದಲ್ಲಿ ಸಮುದ್ರದ ಎದುರಿನ ಸೊನ್ನೆಯನ್ನು ಹಾಗೇ ಉಳಿಸಿ, ಪಕ್ಕದಲ್ಲಿ ‘ಕೇಳಿಸಿತು’ ಎಂದು ಬರೆದಳು.

ಮನೆಯ ಹಿತ್ತಲಿನಲ್ಲಿ ಟೆಂಟನ್ನು ಹಗ್ಗಕ್ಕೆ ಹಾಕಿದ್ದಾಯಿತು. ಎರಡು ದಿನ ಅದರಿಂದ ಹೊಗೆಯ, ಉಪ್ಪಿನ ವಾಸನೆ ಬರುತ್ತಿತ್ತು. ಅರ್ಜಿಗೆ ಇನ್ನೂ ನಾಲ್ಕು ತಿಂಗಳಿತ್ತು. ಊಟಕ್ಕೆ ಕೂತಾಗ ಅಪ್ಪ ಏನೋ ಕೇಳಲು ಬಾಯಿ ತೆರೆದರೆ ಅಜ್ಜಿ ಸಾರಿನ ಪಾತ್ರೆ ಮುಂದೆ ತಳ್ಳಿ “ಡಿಮ್ಮು, ಡಿಮ್ಮು” ಎನ್ನುತ್ತಿದ್ದರು. ಮೊದಲು ನಗುತ್ತಿದ್ದವನು ಮಗ.